ಗುಡ್ಡ ಬಲ್ಲ ಹೆಬ್ಬೆರಳು

ಜೇನುಪೆಟ್ಟಿಗೆ ಸಾಗಿಸುವುದು ರಾತ್ರಿಯಲ್ಲೇ.
ಹುಳಗಳೆಲ್ಲ ಮನೆ ಸೇರಿರಬೇಕು,
ಬಾಗಿಲಿಗೆ ಜಾಲರಿ ಬಡಿದಿರಬೇಕು,
ಹನ್ನೆರಡು ಪೆಟ್ಟಿಗೆಗೂ ಹಗ್ಗ ಬಿಗಿದು
ವರ್ಲಿನ್ ಮಾವ ಮೂರು ಸಲ ಎಳೆದು ನೋಡಿರಬೇಕು.
ನಾಲ್ಕನೆಯ ಸಲ ನನ್ನನ್ನು ನೋಡುತ್ತಾನೆ.
ಈ ವರ್ಷ ಸ್ಟಿಯರಿಂಗು ನನ್ನದು.

ಟೆನೆಸ್ಸಿಯ ಗಡಿ ದಾಟಿ ಮೇಲೇರುವ ದಾರಿ.
ಆ ತುದಿಯಲ್ಲಿ ಸೋರ್‌ವುಡ್ ಮರಗಳು ಬೆಳ್ಳಗಾಗಿವೆಯಂತೆ:
ಎರಡು ವಾರದ ಹೂವು, ವರ್ಷದ ಬಾಡಿಗೆ.

ಸಕ್ಕರೆ ಕಾಯಿಲೆ ಅವನ ಬಲಗಾಲಿನ ಬೆರಳುಗಳನ್ನು ತಿಂದು ಆರು ವರ್ಷ.
ಜೇನು ಮಾರುವವನಿಗೆ ಸಕ್ಕರೆ ಕಾಯಿಲೆ! ಎಂದು
ಊರು ನಗುವ ಮುಂಚೆ ತಾನೇ ನಕ್ಕಿದ್ದ.
ಅಂದಿನಿಂದ ಈ ಹಳೆಯ ಫೋರ್ಡ್ ಪಿಕಪ್ಪನ್ನು
ಕ್ರೂಸ್ ಕಂಟ್ರೋಲಿನ ಗುಂಡಿಯಲ್ಲೇ ಓಡಿಸಿದ.
ಬ್ರೇಕಿಗೆ ಎಡಗಾಲು, ವೇಗಕ್ಕೆ ಹೆಬ್ಬೆರಳು.

ಆ ಗುಂಡಿಯನ್ನು ನಾನೂ ನಂಬಿದೆ.
ನಲವತ್ತೈದಕ್ಕೆ ಕಟ್ಟಿ ಕಾಲು ಮಡಚಿದೆ.
ಸಮತಟ್ಟಿನಲ್ಲಿ ಎಷ್ಟು ಒಳ್ಳೆಯ ಮಗು!
ಏರು ಬಂತು.
ಮುಳ್ಳು ನಲವತ್ನಾಲ್ಕು, ನಲವತ್ತೆರಡು,
ಆಗ ಎಚ್ಚರ ಅದಕ್ಕೆ, ಯಾರೋ ಒದ್ದೆಬ್ಬಿಸಿದಂತೆ.
ಎರಡು ಗೇರು ಒಟ್ಟಿಗೇ ಕೆಳಗೆ, ಎಂಜಿನ್ನಿನ ಚೀರಾಟ,
ಹಿಂದೆ ಹನ್ನೆರಡು ಪೆಟ್ಟಿಗೆಯೊಳಗೆ
ಕೆಟ್ಟ ಸುದ್ದಿ ಬಂದ ಮನೆಯ ಹಾಗೆ ಒಂದೇ ಗುಂಯ್.
ನೆತ್ತಿ ದಾಟಿದರೂ ಇನ್ನೂ ಏರುತ್ತಿದ್ದೇನೆಂಬ ಭ್ರಮೆ ಅದಕ್ಕೆ;
ಇಳುಕಲಿನಲ್ಲಿ ಐವತ್ತೊಂದು, ಐವತ್ಮೂರು,
ಹಗ್ಗಗಳು ಕಿರ್ರೆಂದವು.

"ಅದಕ್ಕೆ ಕಣ್ಣಿಲ್ಲ," ಅಂದ ಮಾವ, ಕಿಟಕಿಯ ಕಡೆಗೆ.
"ಕಳಕೊಂಡ ಮೇಲೇ ಅದಕ್ಕೆ ಗುಡ್ಡ ಗೊತ್ತಾಗೋದು."

ಅವನಿಗೋ ಮೊದಲೇ ಗೊತ್ತು.
ಸುಟ್ಟುಹೋದ ಗರಗಸದ ಮಿಲ್ಲು ಕಂಡರೆ ಮೇಲಕ್ಕೆ ಎರಡು ಒತ್ತು,
ಕ್ಯಾಲ್ವರಿ ಚರ್ಚಿನ ಫಲಕಕ್ಕೆ ಇನ್ನೊಂದು
(ಈ ವಾರ ಅಲ್ಲಿ 'ನಿಧಾನಿಸು, ದೇವರು ಕಾಯುತ್ತಾನೆ' ಎಂದಿತ್ತು),
ನೆತ್ತಿಗೆ ನೂರು ಗಜ ಇರುವಾಗಲೇ ಕೆಳಕ್ಕೆ ನಾಲ್ಕು,
ಮಳೆ ಬಿದ್ದ ರಸ್ತೆಯಲ್ಲಿ ಗುಂಡಿಯ ಹೆಸರೇ ಎತ್ತಬೇಡ.
ಬ್ಯಾಂಜೋದ ಐದನೆಯ ತಂತಿಯ ಮೇಲೆ
ನಲವತ್ತು ವರ್ಷ ಕುಣಿದ ಬೆರಳು ಅದು;
ಹಾಡು ತಿರುಗುವ ಮುಂಚೆಯೇ
ತಿರುವಿನಲ್ಲಿ ಹೋಗಿ ಕೂತಿರುತ್ತದೆ.

ನನಗೆ ಆ ಬೆರಳಿಲ್ಲ. ಕಾಲಿದೆ.
ಗುಂಡಿ ಆರಿಸಿದೆ. ಹಸಿರು ದೀಪ ಹೋಯಿತು.
ಗೇರನ್ನು ಎರಡಕ್ಕೆ ಇಳಿಸಿ
ಗುಡ್ಡದ ಭಾರವನ್ನು ಎಂಜಿನ್ನಿನ ಹೆಗಲಿಗೆ ಬಿಟ್ಟೆ.
ಪೆಟ್ಟಿಗೆಗಳು ಒಂದೊಂದಾಗಿ ಮಾತು ನಿಲ್ಲಿಸಿದವು,
ಎಡಮೂಲೆಯದೊಂದು ಮಾತ್ರ ಗೊಣಗುತ್ತಲೇ ಇತ್ತು.

ಮಾವನಿಗೆ ನಿದ್ದೆ ಹತ್ತಿತೆಂದುಕೊಂಡೆ.
ಆದರೆ ತಿರುವು ತಿರುವಿಗೂ ಬೆರಳಿಲ್ಲದ ಆ ಬೂಟು
ಬ್ರೇಕೇ ಇಲ್ಲದ ಕಡೆ ನೆಲ ಒತ್ತುತ್ತಿತ್ತು.
ತೊಡೆಯ ಮೇಲೆ ಹೆಬ್ಬೆರಳು,
ಮೇಲಕ್ಕೆ ಎರಡು, ಆಮೇಲೆ ಒಂದು,
ನೆತ್ತಿಗೆ ಮುಂಚೆ ಕೆಳಕ್ಕೆ ನಾಲ್ಕು,
ನನ್ನ ಕಾಲಿಗಿಂತ ಒಂದು ಉಸಿರು ಮೊದಲು.
ಅದನ್ನು ನೋಡಿಕೊಂಡೇ ಓಡಿಸಿದೆ,
ಹೇಳಬಾರದು, ರಸ್ತೆಗಿಂತ ಹೆಚ್ಚಾಗಿ.

ಡೋವಿ ಹೆನ್ಸ್‌ಲಿಯ ಹುಲ್ಲುಗಾವಲಿನಲ್ಲಿ
ಪೆಟ್ಟಿಗೆ ಇಳಿಸುವಾಗ ಮೂರೂವರೆ.
ಮಿಂಚುಹುಳಗಳೂ ಮಲಗಿದ್ದವು.
ಎಂಜಿನ್ನು ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು.
ಜಾಲರಿ ತೆಗೆದ ಮಾವ ಆ ಗೊಣಗುವ ಪೆಟ್ಟಿಗೆಗೆ ಕಿವಿಯಿಟ್ಟು
ಬಹಳ ಹೊತ್ತು ಕೇಳಿದ.
ಎದ್ದು, ಮೊಣಕಾಲಿನ ಇಬ್ಬನಿ ಒರೆಸಿಕೊಂಡು,
"ಮಿಲ್ಲಿನ ಏರಿಗೆ ತಡವಾಗಿ ಕೊಟ್ಟೆ, ವಿಲ್ಡಾ," ಅಂದ.
"ಫ್ಲಾಸ್ಕಿನಲ್ಲಿ ಕಾಫಿ ಉಳಿದಿದೆಯಾ ನೋಡು."